ಹ್ಯಾಲಿಬಟ್ ಮೀನನ್ನು ಗಾಳದಿಂದ ಹಿಡಿಯುವ ಕ್ರಮ
(ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಹೊಸದಾಗಿ ಗಾಳ ಹಾಕುವವರಿಗೆ ಸೂಚನೆಗಳು)

ಉತ್ತರ ಅಮೆರಿಕದ ಪಶ್ಚಿಮ ತೀರದಲ್ಲಿ ಗಾಳ ಹಾಕುವವರು ಬಹುವಾಗಿ ಆಶಿಸುವ ಮೀನುಗಳಲ್ಲಿ ಕ್ಯಾಲಿಫೋರ್ನಿಯಾ ಹ್ಯಾಲಿಬಟ್ ಎಂಬುದು ಒಂದು. ಇದರ ಮಾಂಸವು ಬೆಳ್ಳಗೂ ಗಟ್ಟಿಯಾಗಿಯೂ ಇದ್ದು ಬಲು ರುಚಿಕರವಾಗಿರುವುದು. ದೋಣಿಯಿಲ್ಲದವನಿಗೂ ದಡದಲ್ಲಿಯೇ ದೊರೆಯತಕ್ಕ ಮೀನಾದುದರಿಂದ ಅನೇಕರು ಇದರಿಂದಲೇ ಅಭ್ಯಾಸವನ್ನು ಪ್ರಾರಂಭಿಸುವರು. ಆದರೆ ಭೂಮಿಯ ಗುಣವನ್ನರಿಯದೆ ಬಿತ್ತಿದವನಿಗೆ ಬೆಳೆ ಹೇಗೆ ಕೈಗೆ ಹತ್ತದೋ ಹಾಗೆಯೇ ಮೀನಿನ ಸ್ವಭಾವವನ್ನರಿಯದೆ ಗಾಳವನ್ನೆಸೆದವನು ಬರಿಗೈಯಲ್ಲಿ ಹಿಂದಿರುಗಬೇಕಾಗುವುದು. ಆ ತೀರದಲ್ಲಿ ನೆಲಸಿರುವ ನಮ್ಮ ನಾಡಿನವರಿಗೂ ಇತರ ಆಸಕ್ತರಿಗೂ ಉಪಯೋಗವಾಗಲೆಂದು ಮುಖ್ಯಾಂಶಗಳನ್ನು ಇಲ್ಲಿ ಸಂಗ್ರಹಿಸಿದೆ.

1. ಮೀನಿನ ಗುರುತು

ಇದು ಚಪ್ಪಟೆ ಮೀನು. ನಮ್ಮ ಕರಾವಳಿಯ ನಂಗು ಮೀನನ್ನು ಕಂಡವರಿಗೆ ಈ ಮೈಕಟ್ಟು ಹೊಸದಲ್ಲ. ಮರಿಯು ಮೊಟ್ಟೆಯೊಡೆದು ಬಂದಾಗ ಇತರ ಮೀನುಗಳಂತೆಯೇ ತಲೆಯ ಎರಡು ಪಕ್ಕಗಳಲ್ಲಿಯೂ ಒಂದೊಂದು ಕಣ್ಣಿರುವುದು. ಬೆಳೆಯುತ್ತ ಬಂದಂತೆ ಒಂದು ಕಣ್ಣು ಮೆಲ್ಲಮೆಲ್ಲನೆ ಸರಿದು ಮತ್ತೊಂದರ ಪಕ್ಕಕ್ಕೆ ಸೇರುವುದು. ಅನಂತರ ಮೀನು ಕಣ್ಣಿಲ್ಲದ ಮಗ್ಗುಲನ್ನು ನೆಲಕ್ಕೆ ತಾಗಿಸಿ ಮಲಗುವುದು. ಶಾಸ್ತ್ರಜ್ಞರು ಇದನ್ನು ಎಡಗಣ್ಣಿನ ಚಪ್ಪಟೆ ಮೀನುಗಳ ಕುಟುಂಬಕ್ಕೆ ಸೇರಿಸಿದ್ದರೂ ನೂರಕ್ಕೆ ಸುಮಾರು 40 ಮೀನುಗಳಲ್ಲಿ ಕಣ್ಣುಗಳು ಬಲಗಡೆಗೇ ಇರುವುವು. ಬಾಯಿ ದೊಡ್ಡದು, ಹಲ್ಲುಗಳು ಬಲು ಚೂಪು. 5 ಅಡಿ ಉದ್ದ, 72 ಪೌಂಡು ತೂಕದವರೆಗೂ ಬೆಳೆಯುವುದುಂಟು. ಅಲಾಸ್ಕಾ ಕಡೆಯ ಆಳವಾದ ತಣ್ಣೀರಿನಲ್ಲಿ ನೂರಾರು ಪೌಂಡು ತೂಗುವ ಪೆಸಿಫಿಕ್ ಹ್ಯಾಲಿಬಟ್ ಬೇರೆಯ ಜಾತಿ. ಅದನ್ನು ಹಿಡಿಯುವ ಕ್ರಮವೂ ಅದರ ನಿಬಂಧನೆಗಳೂ ಬೇರೆ.

2. ಸ್ವಭಾವ

ಹ್ಯಾಲಿಬಟ್ ಆಹಾರವನ್ನು ಅಟ್ಟಿಕೊಂಡು ಬಹುದೂರ ಅಲೆಯುವ ಮೀನಲ್ಲ, ಹೊಂಚುಹಾಕುವ ಮೀನು. ಮರಳಿನಲ್ಲಿ ಮೈಯನ್ನು ಹುದುಗಿಸಿ, ಮರಳಿನ ಬಣ್ಣವನ್ನೇ ತಾಳಿ, ಕಣ್ಣುಗಳನ್ನು ಮಾತ್ರ ಹೊರಗಿಟ್ಟುಕೊಂಡು ಕಾದಿರುವುದು. ಆಂಚೊವಿಯಂತಹ ಸಣ್ಣ ಮೀನುಗಳು ಮೇಲೆ ಹಾದಾಗ ಥಟ್ಟನೆ ಎದ್ದು ಹಿಡಿಯುವುದು. ಆದುದರಿಂದ ಈ ಕಸಬಿನ ತಿರುಳೆಲ್ಲ ಒಂದೇ ಮಾತಿನಲ್ಲಿದೆ: ಎರೆಯು ನೆಲಕ್ಕೆ ಹತ್ತಿರವಾಗಿ ಚಲಿಸುತ್ತಿರಬೇಕು. ಎರೆ ನಿಂತಲ್ಲಿಯೇ ನಿಂತರೆ ಮೀನಿನ ಮುಂದೆ ಹಾಯುವ ಸಂಭವ ಕಡಮೆ. ನೆಲದಿಂದ ಬಹಳ ಮೇಲಿದ್ದರೆ ಮೀನು ಏಳುವುದು ಅಪರೂಪ.

3. ಕಾಲ ಮತ್ತು ಸ್ಥಳ

ವಸಂತದಲ್ಲಿ ನೀರು ಬೆಚ್ಚಗಾದಂತೆ ಮೀನುಗಳು ಮೊಟ್ಟೆಯಿಡುವುದಕ್ಕೂ ಆಹಾರಕ್ಕೂ ದಡದ ಕಡೆಗೆ ಬರುವುವು. ಹೊಸಬರಿಗೆ ಏಪ್ರಿಲಿನಿಂದ ಸೆಪ್ಟೆಂಬರಿನವರೆಗಿನ ಕಾಲವು ಅನುಕೂಲವಾದುದು. ಬಂಡೆಗಳ ನಡುವೆ ಹುಡುಕುವುದು ವ್ಯರ್ಥ. ಮರಳು ನೆಲವೇ ಇದರ ಮನೆ. ಆದರೂ ಬಂಡೆಯೂ ಮರಳೂ ಕೂಡುವ ಅಂಚು, ಕಡಲ ಪಾಚಿಯ ತೋಪಿನ ಹೊರ ಅಂಚು, ಅಳಿವೆಯ ಬಾಯಿ, ಕಾಲುವೆಯ ಇಳಿಜಾರು ಇವೇ ಉತ್ತಮ ತಾವುಗಳು. ಏಕೆಂದರೆ ಸಣ್ಣ ಮೀನುಗಳು ಅಲ್ಲಿಯೇ ಗುಂಪುಗೂಡುವುವು. ದಡದಲ್ಲಿ ನಿಂತವನು ಇಳಿತದ ಹೊತ್ತಿನಲ್ಲಿ ಹೋಗಿ, ಅಲೆಗಳು ಕೊರೆದ ಹಳ್ಳಗಳನ್ನು ಗುರುತುಮಾಡಿಟ್ಟುಕೊಂಡು, ನೀರು ಏರುವಾಗ ಅಲ್ಲಿ ಗಾಳವನ್ನು ಹಾಕತಕ್ಕದ್ದು. ಬೆಳಗಿನ ಜಾವವು ಉತ್ತಮ. ಗ್ರೂನಿಯನ್ ಎಂಬ ಸಣ್ಣ ಮೀನುಗಳು ವಸಂತ ಮತ್ತು ಬೇಸಗೆಯಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಅನಂತರದ ಕೆಲವು ರಾತ್ರಿ ಮೊಟ್ಟೆಯಿಡಲು ಮರಳದಂಡೆಗೆ ಬರುವುವು. ಅವುಗಳನ್ನು ತಿನ್ನಲು ಹ್ಯಾಲಿಬಟ್ಟೂ ದಡಕ್ಕೆ ಬರುವುದನ್ನು ಜ್ಞಾಪಕದಲ್ಲಿಡಬೇಕು.

4. ಸಲಕರಣೆಗಳು

ಸುಮಾರು 7 ಅಡಿಯ, ಹದವಾಗಿ ಬಾಗುವ ಕೋಲು, ಸರಾಗವಾಗಿ ನೂಲು ಬಿಡುವ ರಾಟೆ, 15 ರಿಂದ 20 ಪೌಂಡು ತಡೆಯುವ ನೂಲು ಇಷ್ಟು ಸಾಕು. ಬೆಲೆಯುಳ್ಳ ಸಾಮಾನುಗಳಿಂದಲೇ ಮೀನು ಹೆಚ್ಚಾಗಿ ಸಿಕ್ಕುವುದೆಂದು ತಿಳಿಯಬಾರದು. ನೂಲಿನ ಕೊನೆಗೆ ಹಲ್ಲಿಗೆ ಸುಲಭವಾಗಿ ತುಂಡಾಗದ ದಪ್ಪ ತಂತಿನೂಲನ್ನು 2 ರಿಂದ 3 ಅಡಿ ಕಟ್ಟಿ, ಅದಕ್ಕೆ ಗಾಳವನ್ನು ಬಿಗಿಯಬೇಕು. ಗುಂಡಿನ ತೂಕವು ನೆಲವನ್ನು ಮುಟ್ಟಿಸುವಷ್ಟು ಮಾತ್ರ ಇರಬೇಕು; ಆಳವೂ ಸೆಳೆತವೂ ಹೆಚ್ಚಿದಂತೆ ತೂಕವನ್ನು ಹೆಚ್ಚಿಸುತ್ತ ಹೋಗಬೇಕು. ಜೀವಂತವಾದ ಆಂಚೊವಿ ಅಥವಾ ಸಾರ್ಡೀನ್ ಅತ್ಯುತ್ತಮ ಎರೆ. ಅದನ್ನು ಮೂಗಿನಲ್ಲಿ ಚುಚ್ಚಿದರೆ ನೆಟ್ಟಗೆ ಈಜುತ್ತಿರುವುದು. ಅದು ದೊರೆಯದಿದ್ದರೆ ಮೀನಿನಾಕಾರದ ಮೆತ್ತನೆಯ ಕೃತಕ ಎರೆಯೂ ಆಗಬಹುದು.

5. ಗಾಳ ಹಾಕುವ ರೀತಿ

ದೋಣಿಯಲ್ಲಿರುವವನು ಲಂಗರು ಹಾಕದೆ, ಗಾಳಿ ಮತ್ತು ಸೆಳೆತಗಳೊಡನೆ ದೋಣಿಯನ್ನು ಮೆಲ್ಲನೆ ತೇಲಬಿಡುವುದು ವಾಡಿಕೆ. ಗುಂಡು ಆಗಾಗ್ಗೆ ನೆಲವನ್ನು ತಟ್ಟುತ್ತಿರುವುದು ಕೈಗೆ ತಿಳಿಯಬೇಕು. ಒಂದು ಮೀನು ಸಿಕ್ಕಿದ ತಾವನ್ನು ಗುರುತಿಟ್ಟು ಮತ್ತೆ ಅದೇ ದಾರಿಯಲ್ಲಿ ತೇಲಬೇಕು, ಒಂದಿದ್ದಲ್ಲಿ ಹಲವಿರುವುದುಂಟು. ದಡದಲ್ಲಿರುವವನು ಒಂದೇ ಕಡೆ ನಿಲ್ಲದೆ ಬೀಸಣಿಗೆಯಾಕಾರದಲ್ಲಿ ಎಸೆದು, ನಿಧಾನವಾಗಿ ಎಳೆದು, ಅನಂತರ ಹತ್ತು ಹೆಜ್ಜೆ ಮುಂದೆ ನಡೆಯಬೇಕು. ಎರೆಯನ್ನು ಪಾದದವರೆಗೂ ಎಳೆಯತಕ್ಕದ್ದು. ಮೊಣಕಾಲುದ್ದದ ನೀರಿನಲ್ಲಿಯೂ ಮೀನು ಮಲಗಿರುವುದುಂಟು.

6. ಮೀನು ಕಚ್ಚಿದ ಮೇಲೆ

ಹೊಸಬರು ಮೀನನ್ನು ಕಳೆದುಕೊಳ್ಳುವುದು ಹೆಚ್ಚಾಗಿ ಈ ಘಟ್ಟದಲ್ಲಿಯೇ. ಹ್ಯಾಲಿಬಟ್ ಮೊದಲು ಎರೆಯನ್ನು ಅಡ್ಡವಾಗಿ ಕಚ್ಚಿ ಹಿಡಿದು, ಆಮೇಲೆ ನುಂಗುವುದು. ಮೊದಲ ತಟ್ಟಿಗೇ ಜಗ್ಗಿದರೆ ಹಲ್ಲಿನ ಗುರುತುಳ್ಳ ಎರೆ ಮಾತ್ರ ಹಿಂದಿರುಗುವುದು. ಜೀವಂತ ಎರೆಯಾದರೆ ಸ್ವಲ್ಪ ನೂಲನ್ನು ಬಿಟ್ಟು, ಭಾರವು ನಿಶ್ಚಯವಾಗಿ ತೋರಿದ ಮೇಲೆ ಕೋಲನ್ನು ಒಂದೇ ಸಮನಾಗಿ ಎತ್ತಬೇಕು. ಮೇಲೆ ಬರುವಾಗ ಮೀನು ಸುಲಭವಾಗಿ ಬರುವಂತೆ ಕಾಣುವುದು. ಬೆಳಕನ್ನೂ ದೋಣಿಯನ್ನೂ ಕಂಡೊಡನೆ ಮತ್ತೆ ಕೆಳಕ್ಕೆ ನುಗ್ಗುವುದು. ಆಗ ರಾಟೆ ಬಿಗಿಯಾಗಿದ್ದರೆ ನೂಲು ಹರಿಯುವುದು. ತಲೆಯನ್ನು ನೀರಿನಿಂದ ಮೇಲಕ್ಕೆತ್ತದೆ, ಬಲೆಯನ್ನು ಮುಂದುಗಡೆ ಹಿಡಿದು, ತಲೆಯೇ ಮೊದಲಾಗಿ ಅದರೊಳಗೆ ತರಬೇಕು. ಬಾಯೊಳಗೆ ಬೆರಳಿಡಕೂಡದು. ಇಟ್ಟುಕೊಳ್ಳುವ ಮೀನನ್ನು ಕೂಡಲೆ ತಲೆಗೆ ಹೊಡೆದು ಕೊಂದು, ರಕ್ತವನ್ನು ಹರಿಯಬಿಟ್ಟು, ಮಂಜುಗಡ್ಡೆಯಲ್ಲಿಟ್ಟರೆ ಮಾಂಸವು ಕೆಡದು.

7. ಅಳತೆಯ ನಿಬಂಧನೆ

ಕ್ಯಾಲಿಫೋರ್ನಿಯಾದಲ್ಲಿ 22 ಅಂಗುಲಕ್ಕಿಂತ ಚಿಕ್ಕದಾದ ಹ್ಯಾಲಿಬಟ್ಟನ್ನು ಇಟ್ಟುಕೊಳ್ಳಕೂಡದು. ಇದನ್ನು ಬರಿಯ ಕಟ್ಟಳೆಯೆಂದು ಎಣಿಸಬಾರದು. ಗಂಡು 2 ಅಥವಾ 3 ವರ್ಷಕ್ಕೆ ಪ್ರಾಯಕ್ಕೆ ಬಂದರೆ, ಹೆಣ್ಣಿಗೆ 4 ಅಥವಾ 5 ವರ್ಷ ಬೇಕು. 5 ವರ್ಷದ ಮೀನು 11 ರಿಂದ 17 ಅಂಗುಲ ಮಾತ್ರ ಇರಬಹುದು. ಎಂದರೆ 22 ಅಂಗುಲವನ್ನು ಮುಟ್ಟುವುದರೊಳಗೆ ಹೆಣ್ಣು ಮೀನು ಮೊಟ್ಟೆಯಿಟ್ಟು ಸಂತತಿಯನ್ನು ಬೆಳಸುವುದಕ್ಕೆ ಅವಕಾಶವಾಗುವುದು. ಬಿತ್ತನೆಯ ರಾಗಿಯನ್ನು ಉಂಡ ಮನೆಗೆ ಮುಂದಿನ ವರ್ಷ ಕಣವಿಲ್ಲ. ಚಿಕ್ಕ ಮೀನನ್ನು ಒದ್ದೆ ಕೈಯಿಂದ ಹಿಡಿದು ಬೇಗನೆ ನೀರಿಗೆ ಬಿಡಬೇಕು. ಗಾಳವು ಆಳಕ್ಕೆ ಹೋಗಿದ್ದರೆ ಕೀಳದೆ ನೂಲನ್ನು ಕತ್ತರಿಸುವುದು ಮೇಲು.

16 ವರ್ಷ ತುಂಬಿದವರು ಪರವಾನಗಿ ಪಡೆಯತಕ್ಕದ್ದು. ಸಾರ್ವಜನಿಕ ಕಡಲಕಟ್ಟೆಗಳ ಮೇಲೆ ಮಾತ್ರ ಇದು ಬೇಕಾಗಿಲ್ಲ. ದಿನಕ್ಕೆ ಎಷ್ಟು ಮೀನು ಎಂಬುದು ಪಾಯಿಂಟ್ ಸರ್ ಎಂಬ ಭೂಶಿರದ ಉತ್ತರಕ್ಕೂ ದಕ್ಷಿಣಕ್ಕೂ ಬೇರೆ ಬೇರೆಯಾಗಿದ್ದು, ಬದಲಾಗುವುದೂ ಉಂಟು. ಪ್ರತಿ ಸಲವೂ ಹೊರಡುವ ಮುನ್ನ ಸರ್ಕಾರದ ನಿಬಂಧನೆಗಳನ್ನು ನೋಡಿಕೊಳ್ಳಬೇಕು.

8. ಪ್ರಾಣರಕ್ಷಣೆ

ಶಾಂತವಾಗಿದ್ದ ಕಡಲಿನಲ್ಲಿಯೂ ಇದ್ದಕ್ಕಿದ್ದ ಹಾಗೆ ಹೆದ್ದೆರೆಯೆದ್ದು ದಡದಲ್ಲಿದ್ದವರನ್ನು ಎಳೆದೊಯ್ದಿರುವುದುಂಟು. ಆದುದರಿಂದ ಕಡಲಿಗೆ ಬೆನ್ನು ತಿರುಗಿಸಕೂಡದು. ಉತ್ತರದ ನೀರು ಬೇಸಗೆಯಲ್ಲಿಯೂ ಬಹು ತಣ್ಣಗಿದ್ದು, ಬಿದ್ದವನ ಕೈಕಾಲುಗಳು ಅಲ್ಪಕಾಲದಲ್ಲಿಯೇ ಮರಗಟ್ಟುವುವು. ಒಳ್ಳೆಯ ಈಜುಗಾರನಾದರೂ ದೋಣಿಯಲ್ಲಿ ತೇಲುಕವಚವನ್ನು ತೊಟ್ಟೇ ಇರಬೇಕು. ದಕ್ಷಿಣದ ಮರಳದಂಡೆಗಳಲ್ಲಿ ಬಾಲಮುಳ್ಳಿನ ತೊರಕೆ ಮೀನುಗಳಿರುವುದರಿಂದ ಕಾಲನ್ನು ಎತ್ತಿಡದೆ ಮರಳಿನಲ್ಲಿ ಜಾರಿಸುತ್ತ ನಡೆಯಬೇಕು. ಒಬ್ಬನೇ ಹೋಗುವುದಕ್ಕಿಂತ ಬಲ್ಲವನೊಬ್ಬನ ಜೊತೆಯಲ್ಲಿ ಹೋಗುವುದು ಲೇಸು.

ಸಾರಾಂಶ: ಮರಳು ನೆಲವನ್ನು ಹುಡುಕಿರಿ, ಎರೆಯನ್ನು ನೆಲದ ಬಳಿಯಲ್ಲಿ ಚಲಿಸುತ್ತಿರುವಂತೆ ನೋಡಿಕೊಳ್ಳಿರಿ, ಕಚ್ಚಿದಾಗ ಆತುರಪಡಬೇಡಿರಿ, ಅಳತೆ ಕೋಲನ್ನು ಜೊತೆಯಲ್ಲಿಟ್ಟುಕೊಂಡಿರಿ, ಕಡಲಿನ ಮೇಲೆ ಸದಾ ಕಣ್ಣಿಡಿರಿ.