ಹೊಳೆದಂಡೆಯ ಗುಡಿಗಳ ದಾರಿ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹೋಗುವವರಿಗೆ ಹಾವೇರಿ ಜಿಲ್ಲೆ ಎಂದರೆ ಒಂದು ತಾಸಿನ ಓಟ. ಅದೇ ಹೆದ್ದಾರಿ ಬಿಟ್ಟು ಪೂರ್ವಕ್ಕೆ, ತುಂಗಭದ್ರೆಯ ಕಡೆಗೆ ಹೊರಳಿದರೆ ಎಂಟು–ಒಂಬತ್ತು ನೂರು ವರ್ಷದ ಕಲ್ಲಿನ ಗುಡಿಗಳು ಹಳ್ಳಿಯ ಮನೆಗಳ ಪಕ್ಕದಲ್ಲೇ ಸಿಗುತ್ತವೆ. ಬ್ಯಾಡಗಿಯಿಂದ ಹೊರಟು, ರಾಣೆಬೆನ್ನೂರು ದಾಟಿ, ಚೌಡಯ್ಯದಾನಪುರ, ಗುತ್ತಲ, ಗಳಗನಾಥ ನೋಡಿಕೊಂಡು ಸಂಜೆಗೆ ಹಾವೇರಿ ಸೇರುವ ಸುತ್ತು ನನಗೆ ಬಹಳ ಪ್ರಿಯ. ಆ ದಾರಿಯಲ್ಲಿ ಕಲಿತದ್ದನ್ನು, ಹೊರಡುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ದಿನ ನೋಡಿಕೊಳ್ಳಬೇಕು. ಸುಗ್ಗಿಯ ಕಾಲದಲ್ಲಿ ಸೋಮವಾರ, ಗುರುವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ. ಲಾರಿಗಳ ನಡುವೆ ಅರ್ಧ ಹೊತ್ತು ಹೋಗುತ್ತದೆ. ದೀಪಾವಳಿಯ ಹೊತ್ತಿಗೆ ಹಳ್ಳಿ ರಸ್ತೆಗಳ ಅರ್ಧ ಅಗಲಕ್ಕೆ ಗೋವಿನಜೋಳ ಹರವಿರುತ್ತಾರೆ. ಕಾರು ನಿಧಾನ ಓಡಿಸಬೇಕು, ಅದು ಅವರ ವರ್ಷದ ಅನ್ನ.

ಕಳೆದ ಸಲ ಡೆನ್ಮಾರ್ಕಿನಲ್ಲಿ ನೌಕರಿಯಲ್ಲಿರುವ ತಂಗಿಯ ಮಗ ಜೊತೆಗಿದ್ದ. ಅಲ್ಲಿಯೂ 12ನೆಯ ಶತಮಾನದ ಸುಮಾರಿಗೆ ಹಳ್ಳಿಹಳ್ಳಿಯಲ್ಲಿ ಕಲ್ಲಿನ ಚರ್ಚುಗಳು ಎದ್ದವು. ಸುಣ್ಣ ಬಳಿದ ಬಿಳಿ ಗೋಡೆ. ಒಳಗೆ ಮಾಳಿಗೆಯಿಂದ ತೂಗುಬಿಟ್ಟ ಪುಟ್ಟ ಹಡಗಿನ ಮಾದರಿ, ಕಡಲಿಗೆ ಹೋಗುವವರು ಅರ್ಪಿಸಿದ್ದು. ಚೌಡಯ್ಯದಾನಪುರದಲ್ಲಿ ಹೊಳೆದಂಡೆಯ ಅಂಬಿಗರ ಚೌಡಯ್ಯನ ಗದ್ದುಗೆಯ ಹತ್ತಿರ ನಿಂತಾಗ ಅವನಿಗೆ ಆ ಹಡಗುಗಳು ನೆನಪಾದವು. ದೋಣಿ ನಡೆಸುತ್ತಿದ್ದ ಶರಣನ ಹೆಸರನ್ನೇ ಇಲ್ಲಿ ಊರು ಹೊತ್ತಿದೆ.

ಅಲ್ಲಿನ ಮುಕ್ತೇಶ್ವರ ಗುಡಿ ಒಂದೇ ಗರ್ಭಗುಡಿಯ, ದೊಡ್ಡದಲ್ಲದ ಗುಡಿ. ಕಲ್ಯಾಣದ ಚಾಲುಕ್ಯರ ಕಾಲದ ಕುಸುರಿಗೆ ಒದಗಿಬಂದ ಬಳಪದ ಕಲ್ಲು. ಮರವನ್ನು ಕಡೆದ ಹಾಗೆ ಕಡೆದಿದ್ದಾರೆ. ನೇರ ಒಳಗೆ ನುಗ್ಗಬಾರದು. ಹೊರಗೋಡೆಯನ್ನು ಒಂದು ಸುತ್ತು ಬಂದು, ಶಿಖರ ಎಲ್ಲಿ ಹೇಗೆ ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತದೆ ಎಂದು ನೋಡಿ, ಆಮೇಲೆ ಹೊಸ್ತಿಲು ದಾಟಬೇಕು. ಒಳಗೆ ಕತ್ತಲು. ಮೊಬೈಲಿನ ದೀಪ ಹಚ್ಚಲು ಹೊರಟ ಹುಡುಗನನ್ನು ಪೂಜಾರಿ ತಡೆದರು: “ಸ್ವಲ್ಪ ತಡೀರಿ, ಕಣ್ಣು ಹೊಂದ್ಲಿ.” ಹೊಂದಿದ ಮೇಲೆ ಕಂಬದ ಹೊಳಪು, ಬಾಗಿಲುವಾಡದ ಬಳ್ಳಿಗಳು ತಾವಾಗಿಯೇ ತೋರಿದವು. ಅಂದಿನಿಂದ ನಾನು ಗುಡಿಯೊಳಗೆ ಬ್ಯಾಟರಿ ಬಿಡುವುದಿಲ್ಲ.

ಹೊರಬಂದು ಅವನು ಕೇಳಿದ: “ಮಾಮಾ, ಇದನ್ನ ಇಷ್ಟು ವರ್ಷ ಯಾರು ಜ್ವಾಕಿ ಮಾಡ್ಯಾರ?” ಅವನಿರುವ ದೇಶದಲ್ಲಿ ಚರ್ಚಿನ ಸದಸ್ಯರು ಆದಾಯ ತೆರಿಗೆಯ ಜೊತೆಗೆ ಚರ್ಚಿನ ತೆರಿಗೆಯನ್ನೂ ಕಟ್ಟುತ್ತಾರೆ, ಊರಿನವರೇ ಆರಿಸಿದ ಮಂಡಳಿ ಕಟ್ಟಡ ನೋಡಿಕೊಳ್ಳುತ್ತದೆ. ಅವನ ಪ್ರಶ್ನೆಗೆ ಉತ್ತರ ಗುಡಿಯ ಅಂಗಳದಲ್ಲೇ, ಆಳೆತ್ತರದ ಶಾಸನದ ಕಲ್ಲುಗಳಲ್ಲಿತ್ತು. ಪ್ರವಾಸಿಗಳು ಮೂರ್ತಿಯ ಮುಂದೆ ನಿಲ್ಲುತ್ತಾರೆ, ಶಾಸನವನ್ನು ದಾಟಿಹೋಗುತ್ತಾರೆ. ನನ್ನ ಮಟ್ಟಿಗೆ ಈ ಸುತ್ತಿನಲ್ಲಿ ಕಲಿತ ದೊಡ್ಡ ಸಂಗತಿ, ಆ ಕಲ್ಲುಗಳ ಮುಂದೆ ಹೆಚ್ಚು ಹೊತ್ತು ನಿಲ್ಲುವುದು.

ಚೌಡಯ್ಯದಾನಪುರದ ಶಾಸನಗಳು ಗುತ್ತಲದ ಗುತ್ತ ಅರಸರನ್ನು, ಮುಕ್ತಜೀಯನೆಂಬ ಯತಿಯನ್ನು, 1225ರಲ್ಲಿ ಇಲ್ಲಿಗೆ ಬಂದ ಶಿವದೇವನನ್ನು ಹೇಳುತ್ತವೆ. ಆ ಕಾಲದ ದಾನಶಾಸನಗಳ ಕ್ರಮವೇ ಹಾಗೆ: ದೇವರ ಪೂಜೆಗೆ ಇಷ್ಟು ಮತ್ತರು ಭೂಮಿ, ನಂದಾದೀಪಕ್ಕೆ ಗಾಣದ ಎಣ್ಣೆ, ತಪಸ್ವಿಗಳ ಊಟಕ್ಕೆ ಇಷ್ಟು, ಒಡೆದದ್ದು ಬಿರುಕುಬಿಟ್ಟದ್ದನ್ನು ಸರಿಪಡಿಸಲು ಇಷ್ಟು. ಆ ಕೊನೆಯ ಬಾಬ್ತು ನನ್ನ ಮನಸ್ಸನ್ನು ಹಿಡಿದಿದೆ. ಕಲ್ಲು ಒಂದು ದಿನ ಸೀಳುತ್ತದೆ ಎಂದು ಕಟ್ಟಿಸಿದವರಿಗೆ ಗೊತ್ತಿತ್ತು, ಅದಕ್ಕೆ ಹೊಲ ತೆಗೆದಿಟ್ಟರು. ಕೆಡಿಸಿದವರಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪ ಎಂದೂ ಕೆತ್ತಿಸಿದರು. ಈಗ ಅದೇ ಕೆಲಸವನ್ನು ಪುರಾತತ್ವ ಇಲಾಖೆ ಮಾಡುತ್ತಿದೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2010ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ.

ಗಳಗನಾಥದಲ್ಲಿ ವರದೆ ತುಂಗಭದ್ರೆಯನ್ನು ಕೂಡುತ್ತಾಳೆ. ಗಳಗೇಶ್ವರ ಗುಡಿಯನ್ನು ಹಿಂದಿನಿಂದ ನೋಡಬೇಕು: ಗರ್ಭಗುಡಿಯ ಬುಡಕ್ಕೆ ಮೆಟ್ಟಿಲು ಮೆಟ್ಟಿಲಾದ ಅಗಲ ಕಟ್ಟು, ಅದರೊಳಗಿಂದ ಗೋಪುರ ಎದ್ದಂತೆ. ಇಂಥ ಬುಡ ನಾನು ಬೇರೆಲ್ಲೂ ಕಂಡಿಲ್ಲ. ಕಾದಂಬರಿಕಾರ ವೆಂಕಟೇಶ ತಿರಕೊ ಕುಲಕರ್ಣಿಯವರು ‘ಗಳಗನಾಥ’ ಎಂದು ಬರೆದದ್ದು ಈ ಊರಿನ ಹೆಸರಿನಿಂದ. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಮಾರಿದ ಆ ಹಿರಿಯರನ್ನು ಇಲ್ಲಿ ನೆನೆಯದೆ ಬರಲಾಗುವುದಿಲ್ಲ.

ಹಾವೇರಿಯ ಸಿದ್ಧೇಶ್ವರನನ್ನು ಕೊನೆಗೆ ಇಟ್ಟುಕೊಳ್ಳುವುದಕ್ಕೆ ಕಾರಣವಿದೆ. ಚಾಲುಕ್ಯ ಗುಡಿಗಳು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿದರೆ ಇದು ಪಶ್ಚಿಮಕ್ಕೆ ನಿಂತಿದೆ. ಸಂಜೆಯ ಬಿಸಿಲು ಮಂಟಪದ ಮೇಲೆ ಬೀಳುತ್ತದೆ. ಓರೆ ಬಿಸಿಲಿನಲ್ಲಿ ಸವೆದ ಕೆತ್ತನೆಯೂ ಎದ್ದು ಕಾಣುತ್ತದೆ, ಶಾಸನದ ಅಕ್ಷರಗಳಿಗೂ ಇದೇ ಮಾತು. ನಡುಮಧ್ಯಾಹ್ನ ಬಂದವರಿಗೆ ಕಲ್ಲು ಬರೀ ಕಲ್ಲು.

ಒಂದು ಕೊರತೆ ಪ್ರತಿಸಲ ಕಾಡುತ್ತದೆ. ಕನ್ನಡದ ಶಾಸನವನ್ನು ಕನ್ನಡಿಗನೇ ಓದಲಾರ, ಲಿಪಿ ಅಷ್ಟು ಹಳೆಯದು. ಪ್ರತಿ ಶಾಸನದ ಪಕ್ಕದಲ್ಲಿ ಅದರ ಸಾರವನ್ನು ಇಂದಿನ ಕನ್ನಡದಲ್ಲಿ, ಏಳನೆಯ ತರಗತಿಯ ಹುಡುಗಿ ಓದಿ ತಿಳಿಯುವಂತೆ, ಒಂದು ಫಲಕದಲ್ಲಿ ಬರೆಸಬೇಕು. ದಾನ ಕೊಟ್ಟವರು ಯಾರು, ಯಾವ ಹೊಲ, ಎಷ್ಟು ಎಣ್ಣೆ, ರಿಪೇರಿಗೆ ಎಷ್ಟು. ಇದಕ್ಕೆ ಹೊಸ ಸಂಶೋಧನೆಯೇನೂ ಬೇಡ. ಮುಕ್ತೇಶ್ವರ ಗುಡಿಯ ಬಗ್ಗೆ ವಸುಂಧರಾ ಫಿಲಿಯೋಜಾ ಅವರ ಪುಸ್ತಕ 1995ರಲ್ಲೇ ಬಂದಿದೆ. ಆ ಪುಸ್ತಕದಿಂದ ಶಾಸನಗಳ ಸಾರವನ್ನು ಗುಡಿಯ ಅಂಗಳಕ್ಕೆ ತರುವ ಕೆಲಸ ಬಾಕಿ.