ಕಂದು ರೋಗದ ರಕ್ತಪರೀಕ್ಷೆ
ಗಬ್ಬದ ಹಸುವು ಐದು ತಿಂಗಳು ಕಳೆದ ಮೇಲೆ ಕಂದು ಹಾಕುವುದಕ್ಕೆ ಬ್ರುಸೆಲ್ಲ ಎಂಬ ಸೂಕ್ಷ್ಮಜೀವಿಯು ಮುಖ್ಯ ಕಾರಣಗಳಲ್ಲೊಂದು. ಈ ಜೀವಿಗಳನ್ನು ಕೊಂದು, ಗುಲಾಬಿ ಬಣ್ಣ ಕಟ್ಟಿ ಮಾಡಿದ ದ್ರವಕ್ಕೆ ಪ್ರತಿಜನಕವೆಂದು ಹೆಸರು. ಇದರ ತೊಟ್ಟೊಂದನ್ನು ರೋಗವುಳ್ಳ ರಾಸಿನ ರಕ್ತದ ತಿಳಿಯೊಡನೆ ಬೆರೆಸಿದರೆ 4 ನಿಮಿಷದೊಳಗೆ ಸಣ್ಣ ಗರಣೆಗಳೇಳುವುವು. ಆದರೆ ಹೆಣ್ಣುಕರುಗಳಿಗೆ 4ರಿಂದ 8 ತಿಂಗಳೊಳಗೆ ಹಾಕುವ ಎಸ್-19 ಲಸಿಕೆಯಿಂದಲೂ ಇದೇ ಗುರುತು ಕಾಣಬಹುದು. ಯರ್ಸೀನಿಯ ಎಂಬ ಬೇರೊಂದು ಜೀವಿಯ ಹೊರಕವಚವೂ ಇದನ್ನೇ ಹೋಲುವುದರಿಂದ ನಿರ್ದೋಷಿಯಾದ ಹಸುವಿಗೆ ಕಳಂಕ ಬರುವುದುಂಟು. ಕವಚವನ್ನು ಬಿಟ್ಟು, ಒಳಗಿನ ಸಸಾರಜನಕಗಳಿಂದ ಹೊಸ ಪ್ರತಿಜನಕವನ್ನು ಸಿದ್ಧಪಡಿಸುವ ಯತ್ನವು ಇದಕ್ಕಾಗಿಯೇ ನಡೆದಿದೆ. ಲಸಿಕೆಯ ಜೀವಿಯಲ್ಲಿಯೂ ಬಹುಪಾಲು ಅವೇ ಇರುವುದರಿಂದ ಆ ತೊಡಕು ಮಾತ್ರ ಅಷ್ಟಕ್ಕೇ ಬಿಡದು. ಆದುದರಿಂದ ಲಸಿಕೆಯ ತಾರೀಖನ್ನು ಬರೆದಿಡತಕ್ಕದ್ದು. ಸಂಶಯದ ರಾಸನ್ನು ಸಂತೆಗೆ ಹೊಡೆಯದೆ, ಬೇರೆ ಕಟ್ಟಿ ಮರುಪರೀಕ್ಷೆ ಮಾಡಿಸತಕ್ಕದ್ದು. ಅದರ ಮಾಸನ್ನು ಬರಿಗೈಯಿಂದ ಮುಟ್ಟಕೂಡದು, ಈ ರೋಗವು ಮನುಷ್ಯರಿಗೂ ಅಂಟುವುದು.