ಬಿಸಿನೀರಿನ ಕೊಳವೆಗೆ ಹೊದಿಕೆ

ಚಳಿದೇಶಗಳ ಅನೇಕ ಮನೆಗಳಲ್ಲಿ ನೀರಿನ ಕೊಳವೆಗಳು ಅಟ್ಟದ ಮೂಲಕ ಹಾಯ್ದಿರುತ್ತವೆ. ಚಳಿಗಾಲದಲ್ಲಿ ಅವುಗಳೊಳಗಿನ ನೀರು ಹೆಪ್ಪುಗಟ್ಟಿದರೆ ಅದರ ಗಾತ್ರವು ನೂರಕ್ಕೆ ಸುಮಾರು 9ರಷ್ಟು ಹೆಚ್ಚಿ ಕೊಳವೆಯು ಒಡೆಯಬಹುದು. ಆದುದರಿಂದ ಅಲ್ಲಿಯ ಜನರು ಕೊಳವೆಗಳಿಗೆ ಹೊದಿಕೆ ಸುತ್ತುತ್ತಾರೆ. ನಮ್ಮ ಧಾರವಾಡ ಜಿಲ್ಲೆಯ ಕಲಘಟಗಿಯಲ್ಲಿ ಆ ಭಯವಿಲ್ಲ. ಆದರೂ ಮಾಳಿಗೆಯ ಮೇಲೆ ಸೋಲಾರ್ ಹೀಟರ್ ಇರಿಸಿದ ಮನೆಗಳಲ್ಲಿ ಇಂತಹ ಹೊದಿಕೆ ಅವಶ್ಯವೇ. ಇಲ್ಲಿ ಅದರ ಕೆಲಸವು ನೀರಿನ ಶಾಖವನ್ನು ಕಾಯುವುದು.

ಬಚ್ಚಲಿನ ಹಂಡೆಯಲ್ಲಿ ಕಾದ ನೀರು ದೂರ ಹರಿಯಬೇಕಾಗಿಲ್ಲ. ಮಾಳಿಗೆಯ ನೀರಾದರೋ ಕೊಳವೆಯಲ್ಲಿ ಇಳಿದು ಬರಬೇಕು. ಕೊಳವೆಯ ಒಳವ್ಯಾಸವು 15 ಮಿಲಿಮೀಟರ್, ಉದ್ದವು 12 ಮೀಟರ್ ಇದೆಯೆಂದು ಭಾವಿಸೋಣ. ಅದರಲ್ಲಿ 2 ಲೀಟರಿಗಿಂತ ತುಸು ಹೆಚ್ಚು ನೀರು ನಿಲ್ಲುತ್ತದೆ. ಮನೆಯ ನಾಲ್ವರು ಅರ್ಧ ಅರ್ಧ ಗಂಟೆ ಬಿಟ್ಟು ಸ್ನಾನಕ್ಕೆ ಹೋದರೆ, ಬರಿಯ ಕೊಳವೆಯಲ್ಲಿ ಪ್ರತಿ ಸಲವೂ ಈ ನೀರು ಆರಿರುತ್ತದೆ. ಅದನ್ನು ಹಾಗೆಯೇ ಹರಿಯಬಿಟ್ಟರೆ 8 ಲೀಟರ್ ನೀರೂ, ಅದು ಹೊತ್ತು ತಂದ ಬಿಸಿಲಿನ ಶಾಖವೂ ವ್ಯರ್ಥವಾದಂತೆ.

ಹೊದಿಕೆಯು ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಶಾಖವು ಹೊರಹೋಗುವ ವೇಗವನ್ನು ತಗ್ಗಿಸುತ್ತದೆ. ಅದರ ಗುಟ್ಟು ಗಾಳಿಯಲ್ಲಿದೆ. ನಿಶ್ಚಲವಾದ ಗಾಳಿಯು ಬಹಳ ದುರ್ಬಲ ಉಷ್ಣವಾಹಕ. ರಬ್ಬರಿನ ನೊರೆಯಂತಹ ಹೊದಿಕೆಯು ಗಾಳಿಯನ್ನು ಸಣ್ಣ ಸಣ್ಣ ಕೋಶಗಳಲ್ಲಿ ಸೆರೆಹಿಡಿದು ಅಲುಗಾಡದಂತೆ ಮಾಡುತ್ತದೆ.

ಮಲೆನಾಡಿನ ಅಂಚಿನಲ್ಲಿರುವ ಕಲಘಟಗಿಗೆ ನವಲಗುಂದದ ಬಯಲಿಗಿಂತ ಮಳೆ ಹೆಚ್ಚು. ಇದನ್ನು ಮರೆತು ಬಟ್ಟೆಯನ್ನೋ ಗೋಣಿಯನ್ನೋ ಸುತ್ತಿದರೆ, ಮಳೆಗಾಲದಲ್ಲಿ ಗಾಳಿಯ ಜಾಗವನ್ನು ನೀರು ತುಂಬುತ್ತದೆ. ನೀರಿನ ಉಷ್ಣವಾಹಕತೆಯು ಗಾಳಿಯದಕ್ಕಿಂತ 20 ಪಟ್ಟಿಗೂ ಅಧಿಕ! ಆದಕಾರಣ ಮುಚ್ಚಿದ ಕೋಶಗಳುಳ್ಳ ನೊರೆರಬ್ಬರು ಲೇಸು. ಬಿಸಿಲಿಗೆ ಅದು ಬಿರಿಯದಂತೆ ಮೇಲೆ ಅಲ್ಯೂಮಿನಿಯಂ ಹಾಳೆಯನ್ನು ಸುತ್ತಬೇಕು. ತಿರುವುಗಳನ್ನೂ ಕೂಡುಗಳನ್ನೂ ಬರಿದಾಗಿ ಬಿಡಬಾರದು.

ಹೊದಿಕೆಗೂ ಒಂದು ಮಿತಿಯುಂಟು. ರಾತ್ರಿಯೆಲ್ಲ ನಿಂತ ನೀರು ಹೊದಿಕೆಯೊಳಗೂ ಆರಿಹೋಗುತ್ತದೆ. ಆದ್ದರಿಂದ ಮನೆ ಕಟ್ಟುವಾಗಲೇ ಬಚ್ಚಲಿನ ನೇರಕ್ಕೆ ಹೀಟರನ್ನಿರಿಸಿ ಕೊಳವೆಯ ಉದ್ದವನ್ನು ಕಡಿಮೆ ಮಾಡುವುದು ಜಾಣತನ.

ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು. ಒಂದೇ ಅಳತೆಯ ಮೂರು ಡಬ್ಬಿಗಳಲ್ಲಿ ಸಮನಾಗಿ ಬಿಸಿನೀರು ತುಂಬಿ ಮುಚ್ಚಿರಿ. ಒಂದನ್ನು ಬರಿದಾಗಿ ಬಿಟ್ಟು, ಒಂದಕ್ಕೆ ಒಣ ಉಣ್ಣೆಬಟ್ಟೆಯನ್ನೂ ಇನ್ನೊಂದಕ್ಕೆ ಒದ್ದೆ ಬಟ್ಟೆಯನ್ನೂ ಸುತ್ತಿರಿ. ಐದೈದು ನಿಮಿಷಕ್ಕೊಮ್ಮೆ ಉಷ್ಣಮಾಪಕದಿಂದ ಅಳೆದು ಬರೆದಿಡಿರಿ. ಒದ್ದೆ ಬಟ್ಟೆಯ ಡಬ್ಬಿಯೇ ಎಲ್ಲಕ್ಕಿಂತ ಬೇಗ ಆರುವುದನ್ನು ಕಾಣುವಿರಿ. ಇದಕ್ಕೆ ವಾಹಕತೆಯೊಂದೇ ಕಾರಣವೇ, ಆವಿಯಾಗುವಿಕೆಯ ಪಾಲೂ ಉಂಟೇ ಎಂಬುದನ್ನು ಆಲೋಚಿಸಿರಿ.